ಔಟ್‌ಬೋರ್ಡ್ ಮೋಟರ್ ಬ್ಯಾಟರಿ ಚಾರ್ಜ್ ಮಾಡವಲ್ದು: ಸ್ಟೇಟರ್ ಹೋಗೇತೋ, ರೆಕ್ಟಿಫೈಯರೋ?

ಹೊಳಿದಂಡಿ (ರಾಣೆಬೆನ್ನೂರು)
ತುಂಗಭದ್ರಾದಾಗ ಓಡೋ ಬೋಟಿನ ಹಿಂದ ಹಚ್ಚೋ ಮೋಟರ್. 15 ಎಚ್‌ಪಿ ಟೂ-ಸ್ಟ್ರೋಕ್, ಸೆಲ್ಫ್ ಸ್ಟಾರ್ಟ್. ಬ್ಯಾಟರಿ ಹೊಸಾದು. ಬಂದ್ ಇದ್ದಾಗ 12.5 ವೋಲ್ಟ್, ರೇಸ್ ಮಾಡಿದ್ರೂ ಅಷ್ಟ. ಎಂಜಿನ್ ಓಟಕ್ಕ ಏನೂ ತೊಂದ್ರಿ ಇಲ್ಲ. ಸ್ಟೇಟರ್ (ಕರೆಂಟ್ ಹುಟ್ಟಿಸೋ ಕಾಯಿಲು), ರೆಕ್ಟಿಫೈಯರ್ (ಆ ಎಸಿ ಕರೆಂಟನ್ನ ಬ್ಯಾಟರಿಗೆ ಬೇಕಾದ ಡಿಸಿ ಮಾಡೋದು) ಎರಡೂ ಬದಲಿ ಮಾಡ್ರಿ ಅಂತಾರ. ಫ್ಲೈವೀಲ್ (ಸ್ಟೇಟರ್ ಮ್ಯಾಲೆ ತಿರಗೋ ಮ್ಯಾಗ್ನೆಟ್ ಚಕ್ರ) ಎತ್ತದ ಯಾವುದು ಹೋಗೇತಿ ಅಂತ ನೋಡಾಕ ಬರ್ತೈತೇನ್ರಿ? ಸಾದಾ ಡಿಜಿಟಲ್ ಮೀಟರ್ ಐತಿ.

ವೈಂಡಿಂಗ್_ಹುಬ್ಬಳ್ಳಿ
ಬರ್ತೈತ್ರಿ. ಎರಡೂ ಒಮ್ಮೆ ಕೊಳ್ಳಬ್ಯಾಡ್ರಿ.

ಪ್ರೊಪೆಲ್ಲರ್ ಬಿಚ್ಚಿ, ಕೆಳಗಿನ ಕಾಲು ನೀರಿನ ಡ್ರಮ್ಮಿನ್ಯಾಗ ಇಳಸ್ರಿ. ನೀರು ಎಳಿಯೋ ತೂತು ಪೂರ್ತಿ ಮುಳಗಬೇಕು. ಒಣಾ ಓಡಿಸಿದ್ರ ರಬ್ಬರ್ ಇಂಪೆಲ್ಲರ್ (ತಂಪು ಮಾಡೋ ನೀರು ಎಳಿಯೋ ಪಂಪಿನ ರೆಕ್ಕಿ) ಸ್ವಲ್ಪ ಹೊತ್ತಿನ್ಯಾಗ ಸುಟ್ಟು ಹೋಗ್ತೈತಿ.

ಮೊದಲು ಫ್ಯೂಸು. ಕಣ್ಣಿಲೆ ನೋಡಿ ಬಿಡಬ್ಯಾಡ್ರಿ, ತಗದು ಮೀಟರಿನ ಬೀಪ್ (ಕರೆಂಟಿನ ದಾರಿ ಕಡದಿಲ್ಲ ಅಂದ್ರ ಸದ್ದು ಬರ್ತೈತಿ) ಹಚ್ಚಿ ನೋಡ್ರಿ. ಆಮ್ಯಾಲೆ ರೆಕ್ಟಿಫೈಯರಿಗೆ ಬರೋ ಸ್ಟೇಟರಿನ ಎರಡು ವೈರ್ (ಬಹಳ ಮೋಟರಿನ್ಯಾಗ ಹಳದಿ) ಬಿಚ್ರಿ. ಎಂಜಿನ್ ಬಂದ್ ಇದ್ದಾಗ ಎರಡರ ನಡುವ ಓಮ್ ನೋಡ್ರಿ: ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮಿ. ಒಂದೊಂದನ್ನೂ ಎಂಜಿನ್ ಬಾಡಿಗೆ ಹಚ್ಚಿದ್ರ ಮೀಟರ್ ಏನೂ ತೋರಿಸಬಾರ್ದು. ತೋರಿಸಿದ್ರ ಕಾಯಿಲ್ ಬಾಡಿಗೆ ಶಾರ್ಟ್.

ಎಂಜಿನ್ ಛಲೋ ಓಡ್ತೈತಿ ಅಂದ್ರ ಸ್ಟೇಟರ್ ಛಲೋ ಐತಿ ಅಂತಲ್ಲ. ಕಿಡಿಗೆ ಕರೆಂಟ್ ಕೊಡೋ ಕಾಯಿಲ್ ಬ್ಯಾರೆ, ಬ್ಯಾಟರಿದು ಬ್ಯಾರೆ.

ಗದಗ_ಮೀಟರ್
ಓಮ್ ಮ್ಯಾಲೆ ಅಷ್ಟು ನಂಬಿಕಿ ಇಡಬ್ಯಾಡ್ರಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದ್ರನ 0.3 ತೋರಿಸ್ತೈತಿ, ಅದನ್ನ ಕಳೀಬೇಕು. ಸುತ್ತು-ಸುತ್ತಿಗೆ ಶಾರ್ಟ್ ಆಗಿದ್ರ ಸಾದಾ ಮೀಟರಿಗೆ ಗೊತ್ತ ಆಗೂದಿಲ್ಲ.

ಖರೇ ಪರೀಕ್ಷಾ ಎಸಿ ವೋಲ್ಟ್. ಅದೇ ಎರಡು ವೈರಿಗೆ ಮೀಟರ್ ಹಚ್ಚಿ ಎಂಜಿನ್ ಚಾಲೂ ಮಾಡ್ರಿ. ರೇಸ್ ಏರಿದಂಗ ವೋಲ್ಟೂ ಏರಬೇಕು. ಏರದಿದ್ರ ಆಗ ಫ್ಲೈವೀಲ್ ಎತ್ತೂದು, ಅದೂ ಪುಲ್ಲರ್ (ಎಳದು ತಗಿಯೋ ಸಾಧನ) ಹಚ್ಚಿ. ಮ್ಯಾಗ್ನೆಟ್ ಅಂಟು ಬಿಟ್ಟಾವೇನು ನೋಡ್ರಿ.

ಎಂಜಿನ್ ಓಡೋವಾಗ ಬ್ಯಾಟರಿ ವೈರ್ ಮಾತ್ರ ತಗೀಬ್ಯಾಡ್ರಿ. ವೋಲ್ಟೇಜ್ ಒಮ್ಮೆಲೆ ಹಾರಿ ರೆಕ್ಟಿಫೈಯರ್ ಹೋಗ್ತೈತಿ. ಬಹಳ ಮಂದಿ ಹೊಸಾ ಯೂನಿಟ್ ಹಿಂಗ ಸುಡ್ತಾರ. ಪ್ಲಸ್-ಮೈನಸ್ ಅದಲು-ಬದಲು ಹಚ್ಚಿದ್ರೂ ಹಂಗ.

ಹೊಳಿದಂಡಿ
ಫ್ಯೂಸ್ ಛಲೋ. ಕಡ್ಡಿದು ಕಳದು 0.5 ಓಮ್, ಬಾಡಿಗೆ ಏನಿಲ್ಲ. ಎಸಿ ಐಡಲಿನ್ಯಾಗ 13, ರೇಸ್ ಮಾಡಿದ್ರ 30 ದಾಟ್ತೈತಿ.

ವೈಂಡಿಂಗ್_ಹುಬ್ಬಳ್ಳಿ
ಹಂಗಾದ್ರ ಸ್ಟೇಟರ್ ಮುಟ್ಟಬ್ಯಾಡ್ರಿ. ರೆಕ್ಟಿಫೈಯರಿನ ಕೆಂಪು ವೈರಿನಿಂದ ಬ್ಯಾಟರಿ ಪ್ಲಸ್ ತನಕಾ ಬೀಪ್ ಬರ್ತೈತೇನು, ರೆಕ್ಟಿಫೈಯರಿನ ಅರ್ಥಿಂಗ್ (ಎಂಜಿನ್ ಬಾಡಿ ಜೋಡಿ ಜೋಡಣಿ) ಛಲೋ ಐತೇನು ನೋಡ್ರಿ. ಅವೆರಡೂ ಸರಿ ಇದ್ರ ರೆಕ್ಟಿಫೈಯರೇ ಹೋಗೇತಿ.

ಬೈಕಿನ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಅಗ್ಗ ಅಂತ ಹಾಕಬ್ಯಾಡ್ರಿ. ಬಹಳ ಸಣ್ಣ ಬೈಕಿನ್ಯಾಗ ಕಾಯಿಲಿನ ಒಂದು ತುದಿ ಬಾಡಿಗೆ ಇರ್ತೈತಿ, ನಿಮ್ಮದ್ರಾಗ ಎರಡೂ ಬಿಡಿ ಅದಾವು. ಹೊಸಾದು ಕೂಡ್ರಿಸೋ ಜಾಗಾ ಉಸುಕಿನ ಕಾಗದದಿಂದ ತಿಕ್ಕಿ ಬೆಳ್ಳಗ ಮಾಡ್ರಿ, ಬ್ಯಾಟರಿ ನಟ್ಟು ಸ್ಪ್ಯಾನರಿನಿಂದ ಬಿಗೀರಿ, ಚಿಟ್ಟಿ ನಟ್ಟು (ಕೈಲೆ ತಿರಗಿಸೋ ರೆಕ್ಕಿ ನಟ್ಟು) ಬ್ಯಾಡ. ರೇಸಿನ್ಯಾಗ ಬ್ಯಾಟರಿ ಮ್ಯಾಲೆ 13.5ರಿಂದ 14.5 ಬಂದ್ರ ಆತು. 15 ದಾಟಿದ್ರ ರೆಗ್ಯುಲೇಟರ್ ವೋಲ್ಟ್ ಹಿಡಿತಾ ಇಲ್ಲ, ಬ್ಯಾಟರಿ ಕುದಿಯಾಕ ಹತ್ತತೈತಿ.