ಹಾಕಿ ಸ್ಟಿಕ್‌ಗೆ ಯಾವ ಬೋ? ಕೋಚ್ ಜೊತೆ ಪ್ರಶ್ನೋತ್ತರ

ಪೊನ್ನಂಪೇಟೆ ಅಪ್ಪ: ಸರ್, ಮಗಳಿಗೆ 12 ವರ್ಷ, ಎತ್ತರ 4 ಅಡಿ 8 ಇಂಚು. ಫಾರ್ವರ್ಡ್ ಆಡುತ್ತಾಳೆ. ಹುಟ್ಟುಹಬ್ಬಕ್ಕೆ 36.5 ಇಂಚಿನ, 95 ಪರ್ಸೆಂಟ್ ಕಾರ್ಬನ್ ಇರುವ ಲೋ ಬೋ ಸ್ಟಿಕ್ ಕೊಡಿಸಿದೆ. ಈಗ ಹಿಟ್ ಮಾಡಿದರೆ ಚೆಂಡು ಮೊಣಕಾಲೆತ್ತರ ಹಾರುತ್ತದೆ. ಎಡ ಮಣಿಕಟ್ಟು ನೋವು ಅಂತಾಳೆ. ಸ್ಟಿಕ್ ತಪ್ಪಾ, ಹುಡುಗಿ ತಪ್ಪಾ?

ಕೋಚ್: ಎರಡೂ ಅಲ್ಲ, ಅಂಗಡಿಗೆ ಹೋದವರದ್ದು. ಬೇಜಾರಾಗಬೇಡಿ.

ಸ್ಟಿಕ್ಕನ್ನು ಚಪ್ಪಟೆ ಮುಖ ಕೆಳಗೆ ಮಾಡಿ ಮೇಜಿನ ಮೇಲಿಡಿ. ನಡುವೆ ಮೇಲೆದ್ದು ಕಾಣುವ ಬಾಗೇ ಬೋ. ಅದು 25 ಮಿಲಿಮೀಟರ್ ದಾಟುವಂತಿಲ್ಲ. ಅತಿ ಜಾಸ್ತಿ ಬಾಗಿದ ಜಾಗ, ಚೆಂಡಿಗೆ ತಾಗುವ ಕೊಕ್ಕೆಯಂಥ ತುದಿ ಅಂದರೆ ಹೆಡ್‌ನ ತಳದಿಂದ 200 ಮಿಲಿಮೀಟರ್ ಆದರೂ ಮೇಲಿರಬೇಕು. ಲೋ ಬೋ ಅಂದರೆ ಈ ಗಡಿಗೆ ಹತ್ತಿರ ಮಾಡಿದ್ದು. ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಎಸೆಯುವುದು, ಮಾಡುವವರಿಗೆ ಅದು ಸರಿ. ಚೆಂಡು ಆ ಬಾಗಿನಲ್ಲಿ ಕೂತು ಉರುಳಿ ಬಂದು, ಕವಣೆ ಕಲ್ಲಿನ ಹಾಗೆ ಹೊರಡುತ್ತದೆ. ಆದರೆ ಅದೇ ಬಾಗು ಹೆಡ್‌ನ ಮುಖವನ್ನು ಸ್ವಲ್ಪ ಆಕಾಶಕ್ಕೆ ತಿರುಗಿಸಿರುತ್ತದೆ. ಕೈ ಚೆಂಡಿಗಿಂತ ಮುಂದೆ ಇಲ್ಲದಿದ್ದರೆ ಹಿಟ್ ಏಳಲೇಬೇಕು. ಎದುರಿಗಿರುವ ಮಗುವಿನ ಮೊಣಕಾಲಿನ ಗತಿ ಯೋಚಿಸಿ.

ನನಗೆ ಹೆಚ್ಚು ಚಿಂತೆ ಮಣಿಕಟ್ಟಿನದು. ಸ್ಟಿಕ್ ಅವಳಿಗೆ ಎರಡೂವರೆ ಇಂಚು ಉದ್ದ. ಅಷ್ಟು ಕಾರ್ಬನ್ ಇದ್ದರೆ ಸ್ಟಿಕ್ ಬಗ್ಗುವುದೇ ಇಲ್ಲ, ಏಟಿನ ಝುಮ್ಮು ನೇರ ಕೈಗೆ ಬರುತ್ತದೆ. ಮೇಲಾಗಿ ಚೆಂಡು ಏಳದಿರಲಿ ಅಂತ ಪಾಪ ಅವಳು ಪ್ರತಿ ಸಲ ಎಡ ಮಣಿಕಟ್ಟು ತಿರುಚುತ್ತಿರಬಹುದು. ಹಿಟ್ ಇವತ್ತೇ ನಿಲ್ಲಿಸಿ. ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳುವ ತನಕ ಪುಶ್ (ಚೆಂಡನ್ನು ಹೊಡೆಯದೆ ತಳ್ಳುವುದು) ಕೂಡ ಬೇಡ. ಆಮೇಲೆ 34 ಇಂಚಿನ, ಕಾರ್ಬನ್ ಕಡಿಮೆ ಇರುವ ಮಿಡ್ ಬೋ, ಅಂದರೆ ಬಾಗು ಇನ್ನೂ ಮೇಲೆ ಸ್ಟಿಕ್ಕಿನ ನಡುಭಾಗದಲ್ಲಿರುವುದು, ಕೊಡಿಸಿ.

ಮೈಸೂರು ಗೋಲ್ ಕೀಪರ್: ಎಡಚರಿಗೆ ಯಾವ ಬೋ ಸರ್?

ಕೋಚ್: ಎಡಗೈ ಸ್ಟಿಕ್ ಅಂತ ನಿಯಮದಲ್ಲೇ ಇಲ್ಲ. ಎಲ್ಲರಿಗೂ ಒಂದೇ.

ಟೊರಾಂಟೊ ಕನ್ನಡತಿ: ನನ್ನ ಮಗ ಐಸ್ ಹಾಕಿ ಆಡುತ್ತಾನೆ. ಅಲ್ಲಿ ಬ್ಲೇಡಿಗೇ ಬಾಗು ಇರುತ್ತದೆ. ಟೋ ಕರ್ವ್ ತಗೊಳ್ಳಲಾ, ಮಿಡ್ ಕರ್ವ್ ತಗೊಳ್ಳಲಾ?

ಹಳೇ ಸೆಂಟರ್ ಹಾಫ್: ಫಾರ್ವರ್ಡ್ ಮೆಸೇಜ್ ಬಂದಿದೆ ನೋಡಿ: "ಸ್ಟಿಕ್ಕನ್ನು ರಾತ್ರಿಯಿಡೀ ಬಿಸಿನೀರಲ್ಲಿಟ್ಟು, ಎರಡು ಇಟ್ಟಿಗೆ ಮಧ್ಯೆ ಇರಿಸಿ ಭಾರ ಹೇರಿದರೆ ಬೇಕಾದ ಬೋ ಬರುತ್ತದೆ." ನಮ್ಮ ಕಾಲದಲ್ಲಿ ಅಗಸೆ ಎಣ್ಣೆ ಹಚ್ಚಿ ಹೀಗೇ ಮಾಡುತ್ತಿದ್ದೆವು.

ಕೋಚ್: ನಿಮ್ಮ ಕಾಲದ್ದು ಹಿಪ್ಪುನೇರಳೆ ಮರ. ಇದು ಅಂಟಿನಲ್ಲಿ ಕೂರಿಸಿದ ಕಾರ್ಬನ್ ನೂಲಿನ ಪದರ. ಬಿಸಿಗೆ ಅಂಟು ಸೋತರೆ ಪದರ ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಏಟಿಗೆ ಸೀಳಿ ಸೂಜಿಯಂಥ ಚೂರು ಕೈಗೆ ಹೋಗುತ್ತದೆ. ಈ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಹಳೇ ಸೆಂಟರ್ ಹಾಫ್: ಆ ಮರದ ಸ್ಟಿಕ್ಕಲ್ಲೇ ಒಲಿಂಪಿಕ್ಸ್ ಚಿನ್ನ ಬಂದಿದ್ದು ಸ್ವಾಮಿ.

ಟರ್ಫ್ ಹುಡುಗ: 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಟರ್ಫ್ (ಕೃತಕ ಹುಲ್ಲಿನ ಮೈದಾನ) ಬಂತು, ನಾವು ಏಳನೇ ಸ್ಥಾನ. ಅದನ್ನೂ ಹೇಳಿ.

ಹಳೇ ಸೆಂಟರ್ ಹಾಫ್: 1980ರಲ್ಲಿ ಮಾಸ್ಕೋದಲ್ಲೂ ಟರ್ಫೇ. ಚಿನ್ನ ಬಂತು. ನಮ್ಮ ಎಂ.ಎಂ. ಸೋಮಯ್ಯ ಆ ತಂಡದಲ್ಲೇ ಇದ್ದರು.

ಟರ್ಫ್ ಹುಡುಗ: ಅರ್ಧ ದೇಶಗಳು ಬಂದೇ ಇರಲಿಲ್ಲ ಅಂಕಲ್.

ಹಳೇ ಸೆಂಟರ್ ಹಾಫ್: ಯಾರಿಗೆ ಅಂಕಲ್? ಮೊದಲು ಬಂದ ಚೆಂಡನ್ನು ನೆಟ್ಟಗೆ ತಡೆದು ಟ್ರ್ಯಾಪ್ ಮಾಡುವುದು ಕಲಿ.

ಹಾಸನ ಫುಲ್ ಬ್ಯಾಕ್: ಲೋ ಬೋ ಒಳ್ಳೆಯದಾ, ಮಿಡ್ ಬೋನಾ?

ಕೋಚ್: ಮೇಲೆ ಬರೆದಿದ್ದೇನೆ.

ಪೊನ್ನಂಪೇಟೆ ಅಪ್ಪ: ಸರ್, ನಮ್ಮ ಸ್ಟಿಕ್ 25 ದಾಟಿದೆಯಾ ಅಂತ ಮನೆಯಲ್ಲೇ ನೋಡಬಹುದಾ?

ಕೋಚ್: 10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಮೇಜಿನ ಮೇಲೆ ಬಾಗಿನ ಅಡಿಯಲ್ಲಿ ನಿಲ್ಲಿಸಿ ತಳ್ಳಿ. ನುಸುಳಿತೆಂದರೆ ಸ್ಟಿಕ್ ನಿಯಮದ ಹೊರಗೆ.

ಪೊನ್ನಂಪೇಟೆ ಅಪ್ಪ: ಆರಾಮಾಗಿ ನುಸುಳಿತು.

ಕೋಚ್: ಒಳ್ಳೆ ಕಂಪನಿಯ ಸ್ಟಿಕ್ ಹಾಗೆ ಬರುವುದಿಲ್ಲ. ಏನು ಮಾಡಿದಿರಿ?

ಪೊನ್ನಂಪೇಟೆ ಅಪ್ಪ: ಇಟ್ಟಿಗೆ ಮೆಸೇಜ್ ನನಗೆ ಹೋದ ತಿಂಗಳೇ ಬಂದಿತ್ತು ಸರ್. ಭಾವ ಸುಮ್ನೆ ಒಮ್ಮೆ ನೋಡೋಣ ಅಂದರು.

ಕೋಚ್: ಆ ಸ್ಟಿಕ್ಕನ್ನು ಮಗಳ ಕೈಗೆ ಮತ್ತೆ ಕೊಡಬೇಡಿ. ಯಾರಿಗೂ ಮಾರಬೇಡಿ, ದಾನವೂ ಬೇಡ. ಎರಡು ತುಂಡು ಮಾಡಿ ಎಸೆಯಿರಿ. ಗರಗಸ ಹಾಕುವಾಗ ಮಾಸ್ಕ್ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ.

ಹಳೇ ಸೆಂಟರ್ ಹಾಫ್: ಮರದ್ದಾಗಿದ್ದರೆ ಒಲೆಗಾದರೂ ಆಗುತ್ತಿತ್ತು.

ಹಾಸನ ಫುಲ್ ಬ್ಯಾಕ್: ಮೇಲೆ ಅಂದರೆ ಎಲ್ಲಿ ಸರ್?