ಅಟ್ಟದ ಮೇಲಿನ ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಏನು ಮಾಡಬೇಕು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯ ದುರಸ್ತಿ ನಡೆಯುತ್ತಿದ್ದು, ಅಟ್ಟ ಖಾಲಿ ಮಾಡಿಸುವಾಗ ಎರಡು ಟ್ರಂಕು ತುಂಬ ವಿಎಚ್‌ಎಸ್ ಕ್ಯಾಸೆಟ್‌ಗಳು ಸಿಕ್ಕಿವೆ. 1990ರ ದಶಕದಲ್ಲಿ ಮನೆಯಲ್ಲಿ ನಡೆದ ಮದುವೆ, ಗೃಹಪ್ರವೇಶ, ನಾಮಕರಣಗಳವು ಕೆಲವು. ಉಳಿದವು ದೂರದರ್ಶನದಿಂದ ರೆಕಾರ್ಡ್ ಮಾಡಿಕೊಂಡ ಧಾರಾವಾಹಿಗಳು ಮತ್ತು ಕ್ರಿಕೆಟ್ ಪಂದ್ಯಗಳು. ಇಷ್ಟು ವರ್ಷಗಳ ಮಳೆಗಾಲದ ತೇವಕ್ಕೆ ಹಲವು ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ. ಗುಜರಿಯವರನ್ನು ಕೇಳಿದರೆ ರೀಲು ಇರುವ ಮಾಲು ಬೇಡವೆಂದರು. ಕೆಲಸದವರು ತರಗೆಲೆಯ ಜೊತೆ ಹಾಕಿ ಸುಟ್ಟುಬಿಡೋಣ ಎನ್ನುತ್ತಿದ್ದಾರೆ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಮನೆಯ ಹೆಣ್ಣುಮಕ್ಕಳ ಚಿತ್ರಗಳಿರುವ ಕ್ಯಾಸೆಟ್‌ಗಳು ಯಾರ್‍ಯಾರದೋ ಕೈಸೇರುವುದೂ ನನಗೆ ಇಷ್ಟವಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹಾಸನದಿಂದ

ಸುಡಬೇಡಿ ಅಕ್ಕ, ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಕ್ಯಾಸೆಟ್ಟಿನ ಹೊರಗವಚ ಸಾಮಾನ್ಯವಾಗಿ ಪಾಲಿಸ್ಟೈರೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕು, ರೀಲು ಪಾಲಿಯೆಸ್ಟರ್ ಪಟ್ಟಿ; ಆ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಸಣ್ಣ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ, ಕೆಲವು ತಯಾರಿಕೆಗಳಲ್ಲಿ ಕೋಬಾಲ್ಟ್ ಅಥವಾ ಕ್ರೋಮಿಯಂ ಕೂಡ ಸೇರಿರುತ್ತದೆ. ಇವನ್ನು ತರಗೆಲೆಯ ಬೆಂಕಿಗೆ ಹಾಕಿದರೆ ಕಪ್ಪು ಮಸಿಯ ವಿಷದ ಹೊಗೆ ಏಳುತ್ತದೆ, ಉಳಿದ ಬೂದಿ ಮುಂದಿನ ಮಳೆಗೆ ಕಾಫಿ ಗಿಡದ ಬುಡಕ್ಕೋ ಹಳ್ಳಕ್ಕೋ ಇಳಿಯುತ್ತದೆ. ಕಸವನ್ನು ಬಯಲಿನಲ್ಲಿ ಸುಡಬಾರದೆಂದು ಘನ ತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿವೆ.

ಗುಜರಿಯವರು ಬೇಡವೆಂದದ್ದಕ್ಕೂ ಕಾರಣವಿದೆ. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ರೀಲು ಇರುತ್ತದೆ. ಪ್ಲಾಸ್ಟಿಕ್ ಪುಡಿ ಮಾಡುವ ಯಂತ್ರಕ್ಕೆ ಅದು ಹೋದರೆ ತಿರುಗುವ ಅಚ್ಚಿಗೆ ಸುತ್ತಿಕೊಂಡು ಯಂತ್ರವೇ ನಿಲ್ಲುತ್ತದೆ. ಆದ್ದರಿಂದ ನಾವೇ ಬಿಚ್ಚಿಕೊಡಬೇಕು. ಕ್ಯಾಸೆಟ್ಟನ್ನು ಮಗುಚಿ ಹಾಕಿದರೆ ಕೆಳಭಾಗದಲ್ಲಿ ಐದು ಸ್ಕ್ರೂಗಳು ಕಾಣುತ್ತವೆ. ಸಾಧಾರಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮೇಲಿನ ಹೋಳು ಎತ್ತಿದೊಡನೆ ಎರಡು ಸುರುಳಿಗಳು, ಅವನ್ನು ಒತ್ತಿ ಹಿಡಿದಿರುವ ತೆಳ್ಳನೆಯ ಸ್ಪ್ರಿಂಗ್ ತಗಡು, ಮೂಲೆಗಳಲ್ಲಿ ರೀಲಿಗೆ ದಾರಿ ತೋರುವ ಲೋಹದ ಸಣ್ಣ ಕಡ್ಡಿಗಳು ಕಾಣಿಸುತ್ತವೆ. ಲೋಹವನ್ನೂ ಗಟ್ಟಿ ಪ್ಲಾಸ್ಟಿಕ್ಕನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ಕೊಟ್ಟರೆ ಅದೇ ಗುಜರಿಯವರು ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು.

ಇನ್ನು ರೀಲಿನ ವಿಷಯ. ಸ್ಪೀಕರಿನ ಅಯಸ್ಕಾಂತದಿಂದ ಉಜ್ಜಿದರೆ ಎಲ್ಲ ಅಳಿಸಿಹೋಗುತ್ತದೆಂದು ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಸುರುಳಿಯ ಒಳಸುತ್ತುಗಳಲ್ಲಿ ಚಿತ್ರ ಉಳಿದುಬಿಡಬಹುದು. ಕತ್ತರಿಸುವುದೇ ಭದ್ರ. ನಮ್ಮ ದೇಶದ ಟಿವಿಗಳ ಪ್ಯಾಲ್ ಎಂಬ ಪದ್ಧತಿಯ ವಿಎಚ್‌ಎಸ್‌ನಲ್ಲಿ ಸಾಮಾನ್ಯ ವೇಗದಲ್ಲಿ ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು ರೀಲು ಓಡುತ್ತದೆ. ಸುರುಳಿಯನ್ನು ಹರಿತವಾದ ಚಾಕುವಿನಿಂದ ಅಡ್ಡಕ್ಕೆ ಮೂರು ನಾಲ್ಕು ಕಡೆ ಸೀಳಿದರೆ ಹೊರಸುತ್ತಿನ ತುಂಡಿನಲ್ಲೂ ಮೂರು ನಾಲ್ಕು ಸೆಕೆಂಡಿನ ದೃಶ್ಯವಷ್ಟೇ ಉಳಿಯುತ್ತದೆ, ಅದನ್ನು ಜೋಡಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಆ ತುಂಡುಗಳನ್ನು ಬಾಯಿ ಕಟ್ಟಿದ ಚೀಲದಲ್ಲಿ ಒಣಕಸವೆಂದೇ ಕೊಡಿ. ಮರುಬಳಕೆಯಾಗದ, ಆದರೆ ಚೆನ್ನಾಗಿ ಉರಿಯುವ ಕಸವನ್ನು ಹೂಳದೆ ಸಿಮೆಂಟ್ ಕಾರ್ಖಾನೆಯಂಥ ಕಡೆ ಇಂಧನವಾಗಿ ಬಳಸಬೇಕೆಂಬುದು ಅದೇ ನಿಯಮಗಳ ಆಶಯ. ಅಲ್ಲಿನ ಗೂಡಿನ ಉಷ್ಣತೆ 1,400 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅಂಗಳದ ಬೆಂಕಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಉತ್ತರ: ಕಡೂರಿನಿಂದ

ಧಾರಾವಾಹಿಯ ಕ್ಯಾಸೆಟ್‌ಗಳ ರೀಲನ್ನಾದರೂ ರೈತರಿಗೆ ಕೊಡಬಹುದಲ್ಲವೇ? ನಮ್ಮ ಬಯಲುಸೀಮೆಯ ಕಡೆ ಸೂರ್ಯಕಾಂತಿ, ಜೋಳ ಕಾಳು ಕಟ್ಟುವ ಸಮಯಕ್ಕೆ ಗಿಳಿಗಳ ಕಾಟ ಹೇಳತೀರದು. ಹೊಲದ ಉದ್ದಕ್ಕೂ ಗೂಟ ನೆಟ್ಟು ರೀಲನ್ನು ಸ್ವಲ್ಪ ತಿರುಚಿ ಎಳೆದು ಕಟ್ಟಿದರೆ ಬಿಸಿಲಿಗೆ ಮಿರಮಿರ ಹೊಳೆಯುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿಗಳು ಕೆಲವು ದಿನವಾದರೂ ಹತ್ತಿರ ಸುಳಿಯುವುದಿಲ್ಲ.

ಉತ್ತರ: ಚಿಕ್ಕಮಗಳೂರಿನಿಂದ, ಪಶುವೈದ್ಯ

ಕಡೂರಿನ ಸಹೋದರರ ಮಾತಿನ ಹಿಂದಿನ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ಒಪ್ಪಲಾರೆ. ಬಿಸಿಲು ಮಳೆಗೆ ಸಿಕ್ಕ ರೀಲು ತುಂಡಾಗಿ ಬೀಳುತ್ತದೆ, ಕೊಯ್ಲಿನಲ್ಲಿ ಜೋಳದ ಕಡ್ಡಿಯೊಡನೆ ಸೇರಿ ಮೇವಿನ ಬಣವೆಗೆ ಹೋಗುತ್ತದೆ. ದನ ಮೇವನ್ನು ಆರಿಸಿ ತಿನ್ನುವುದಿಲ್ಲ, ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ. ನುಂಗಿದ ಪಾಲಿಯೆಸ್ಟರ್ ಕರಗುವುದಿಲ್ಲ. ಹಗ್ಗ, ಪ್ಲಾಸ್ಟಿಕ್ಕುಗಳ ಜೊತೆ ಹೆಣೆದುಕೊಂಡು ಮೊದಲ ಹೊಟ್ಟೆಯಲ್ಲೇ ಉಂಡೆಗಟ್ಟುತ್ತದೆ. ದನ ಮೆಲುಕು ಬಿಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ದಿನೇ ದಿನೇ ಸೊರಗುತ್ತದೆ. ಕೊನೆಗೆ ಹೊಟ್ಟೆ ಕೊಯ್ದು ಹೊರತೆಗೆಯುವುದೊಂದೇ ದಾರಿಯಾಗುತ್ತದೆ. ಕಟ್ಟಲೇಬೇಕೆಂದಿದ್ದರೆ ಕೊಯ್ಲಿಗೆ ಮೊದಲು ಪ್ರತಿಯೊಂದು ಎಳೆಯನ್ನೂ ಸುತ್ತಿ ತೆಗೆಯುವ ಹೊಣೆ ಹೊರಬೇಕು, ಎಕರೆಗಟ್ಟಲೆ ಹೊಲದಲ್ಲಿ ಅದು ನಡೆಯುವ ಮಾತಲ್ಲ.

ಉತ್ತರ: ಸಕಲೇಶಪುರದಿಂದ, ಫೋಟೋ ಸ್ಟುಡಿಯೋ

ಬಿಚ್ಚುವ ಮುನ್ನ ಒಂದು ಮಾತು. ಮದುವೆ, ನಾಮಕರಣದ ಕ್ಯಾಸೆಟ್‌ಗಳನ್ನು ಮೊದಲು ಡಿಜಿಟಲ್‌ಗೆ ಇಳಿಸಿಕೊಳ್ಳಿ. ಆ ಮದುವೆಯ ದಿಬ್ಬಣದಲ್ಲಿದ್ದ ಎಷ್ಟೋ ಹಿರಿಯರು ನಡೆದಾಡುವುದನ್ನೂ ಮಾತಾಡುವುದನ್ನೂ ನೋಡಲು ಬಹುಶಃ ಬೇರೆ ಯಾವ ದಾಖಲೆಯೂ ಉಳಿದಿರುವುದಿಲ್ಲ. ಮದುವೆಯಾದವರ ಮಕ್ಕಳನ್ನು ಒಮ್ಮೆ ಕೇಳದೆ ಯಾವುದನ್ನೂ ಕತ್ತರಿಸಬೇಡಿ.

ಬೂಷ್ಟು ಹಿಡಿದದ್ದನ್ನು ಹಾಗೆಯೇ ವಿಸಿಆರ್‌ಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಹಾಕಬಾರದು. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಲ್ಲಿ ಸುರುಳಿಯನ್ನು ನೋಡಿ. ಅಂಚಿನಲ್ಲಿ ಬಿಳಿಯ ಪುಡಿಯೋ ಎಳೆಯೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಓಡಿಸಿದರೆ ರೀಲನ್ನು ಓದುವ ಹೆಡ್ ಎಂಬ ಭಾಗ ಕಟ್ಟಿಕೊಳ್ಳುತ್ತದೆ, ಅದೇ ಯಂತ್ರದಲ್ಲಿ ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ, ಕೆಲವೊಮ್ಮೆ ರೀಲೇ ಹರಿಯುತ್ತದೆ. ಬೂಷ್ಟು ಹಿಡಿದವನ್ನು ಬೇರೆ ಡಬ್ಬಿಯಲ್ಲಿಡಿ, ಮುಟ್ಟುವಾಗ ಮಾಸ್ಕ್ ಧರಿಸಿ, ಒಣಹವೆಯ ದಿನಗಳಲ್ಲಿ ನೆರಳಲ್ಲಿ ಆರಿಸಿ, ಸ್ವಚ್ಛಗೊಳಿಸುವ ಕೆಲಸವನ್ನು ಅನುಭವವಿದ್ದವರಿಗೆ ಬಿಡಿ. ಚೆನ್ನಾಗಿರುವವನ್ನು ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ಬೆನ್ನಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಎಸಳನ್ನು ಮುರಿದುಬಿಟ್ಟರೆ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಇಳಿಸಿದ ಮೇಲೆ ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟು, ಮೊದಲಿನಿಂದ ಕೊನೆಯವರೆಗೆ ನೋಡಿ ಖಚಿತಪಡಿಸಿಕೊಂಡ ನಂತರವೇ ಮೂಲ ಕ್ಯಾಸೆಟ್ಟಿನ ಬಗ್ಗೆ ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಧಾರಾವಾಹಿ, ಕ್ರಿಕೆಟ್ಟಿನವನ್ನು ಈ ವಾರವೇ ಬಿಚ್ಚಿಸುತ್ತೇನೆ. ಮನೆಯವರ ಕ್ಯಾಸೆಟ್‌ಗಳಿಗಾಗಿ ಬೆಂಗಳೂರಿನಲ್ಲಿರುವ ತಂಗಿಯ ಮಕ್ಕಳಿಗೆ ಫೋನು ಮಾಡಿದ್ದೇನೆ. ಟ್ರಂಕಿನ ಪಕ್ಕದಲ್ಲೇ ಹಳೆಯ ವಿಸಿಆರ್ ಒಂದಿದೆ. ಅದನ್ನೂ ಈಗಲೇ ಗುಜರಿಗೆ ಹಾಕಬಹುದೇ?

ಉತ್ತರ: ಸಕಲೇಶಪುರದಿಂದ, ಫೋಟೋ ಸ್ಟುಡಿಯೋ

ಈಗ ಬೇಡ ಅಕ್ಕ. ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು, ಹೊಸದು ಸಿಗುವುದಿಲ್ಲ. ಕೆಟ್ಟಿದ್ದರೂ ಅದರ ಬೆಲ್ಟು, ಗಾಲಿಗಳು ಇನ್ನೊಂದರ ರಿಪೇರಿಗೆ ಬರುತ್ತವೆ. ಮನೆಯ ಎಲ್ಲ ಕ್ಯಾಸೆಟ್‌ಗಳೂ ಇಳಿದ ಮೇಲೆ ಅದನ್ನು ಒಡೆಯದೆ ಇಡಿಯಾಗಿ, ಇ-ತ್ಯಾಜ್ಯಕ್ಕೆ ನೋಂದಾಯಿತರಾದ ಮರುಬಳಕೆದಾರರಿಗೆ ಕೊಡಿ. ಒಳಗಿನ ಸರ್ಕಿಟ್ ಬೋರ್ಡಿನ ಬೆಸುಗೆಯಲ್ಲಿ ಸೀಸವಿರುತ್ತದೆ. ಹತ್ತಿರದಲ್ಲಿ ಯಾರಿದ್ದಾರೆಂದು ಚಿಕ್ಕಮಗಳೂರಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ.