ಮನೆ ಕಂಪ್ಯೂಟರಿನ ಫೈಲ್‌ಗಳಿಗೆ ಬ್ಯಾಕಪ್: ಡಿಸ್ಕ್ ಸಾಕೇ, ಕ್ಲೌಡ್ ಬೇಕೇ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡತೊಡಗಿತು. ಅದರಲ್ಲಿ ಅಮ್ಮ ಹಾಡಿದ 41 ರೆಕಾರ್ಡಿಂಗ್‌ಗಳಿದ್ದವು. ಅಮ್ಮ ಈಗ ಇಲ್ಲ. ಅವು ಬೇರೆಲ್ಲೂ ಇರಲಿಲ್ಲ. ಆ ರಾತ್ರಿ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡುತ್ತಾ ಅದರ ಮುಂದೆಯೇ ಕೂತಿದ್ದೆ. 39 ಬಂದವು. ಎರಡು ಅರ್ಧಕ್ಕೇ ನಿಂತವು.

ಇನ್ನು ಮೇಲೆ ಹೀಗಾಗಬಾರದು. ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಇಷ್ಟು. ಫೋಟೋಗಳು 310 ಜಿಬಿ, ವಿಡಿಯೋ 70 ಜಿಬಿ. ರೆಕಾರ್ಡಿಂಗ್, ಅಪ್ಪನ ಪತ್ರಗಳ ಸ್ಕ್ಯಾನ್, ನನ್ನ ಅನುವಾದದ ಕೆಲಸ ಎಲ್ಲ ಸೇರಿ 4 ಜಿಬಿ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಹೊಸದಾಗಿ 2 ಟಿಬಿ ಡಿಸ್ಕ್ ತಂದಿಟ್ಟಿದ್ದೇನೆ, ಇನ್ನೂ ಡಬ್ಬ ಒಡೆದಿಲ್ಲ.

ಮಗಳು ಹೇಳುತ್ತಾಳೆ, "ಎಲ್ಲ ಒನ್‌ಡ್ರೈವ್‌ನಲ್ಲಿ ಸಿಂಕ್ ಆಗ್ತಿದೆಯಲ್ಲ, ಇನ್ನೇನು ಬೇಕು" ಅಂತ. ತಮ್ಮ ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಗೋ ಅಂತಾನೆ. ನಾನು ಇಷ್ಟು ದಿನ ಮಾಡಿದ್ದು ಒಂದೇ, ನೆನಪಾದಾಗ ಫೋಲ್ಡರ್ ಎಳೆದು ಡಿಸ್ಕಿಗೆ ಹಾಕುವುದು. ಹಾಗಾಗಿ "ಫೋಟೋ", "ಫೋಟೋ ಹೊಸದು", "ಫೋಟೋ ಹೊಸದು 2" ಅಂತ ಮೂರು ಫೋಲ್ಡರ್‌ಗಳಾಗಿವೆ. ಯಾವುದರಲ್ಲಿ ಏನಿದೆ ಅಂತ ನನಗೇ ಗೊತ್ತಾಗುತ್ತಿಲ್ಲ.

ಯಾವ ದಾರಿ ಹಿಡಿಯಲಿ? ತಿಂಗಳಿಗೆ ಅರ್ಧ ಗಂಟೆಗಿಂತ ಜಾಸ್ತಿ ಸಮಯ ಕೊಡಲು ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಹಳೇಕೀಬೋರ್ಡ್:

ಮೊದಲು ಆ ಹಳೇ ಡಿಸ್ಕಿನ ಮಾತು. ದಯವಿಟ್ಟು ಅದನ್ನು ಈಗಲೇ ತೆಗೆದಿಡಿ. ಇನ್ನೊಂದು ಸಲ ನೋಡೋಣ ಅಂತ ಮತ್ತೆ ಮತ್ತೆ ಚುಚ್ಚಬೇಡಿ. ಸದ್ದು ಮಾಡುವ ಡಿಸ್ಕ್ ತಿರುಗಿದಷ್ಟೂ ಹಾಳಾಗುತ್ತದೆ. ವಿಂಡೋಸ್ "ರಿಪೇರಿ ಮಾಡಲೇ" ಅಂತ ಕೇಳಿದರೆ ಬೇಡ ಅನ್ನಿ. ಆ ರಿಪೇರಿ ಮಾಡುವ ಚೆಕ್‌ಡಿಸ್ಕ್ ಇರುವುದು ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನ ಫೈಲ್ ಜೋಡಣೆ, ಸರಿಮಾಡಲು, ನಿಮ್ಮ ಫೈಲ್ ಉಳಿಸಲು ಅಲ್ಲ. ಉಳಿದ ಎರಡು ಹಾಡು ಬೇಕೇ ಬೇಕು ಅಂದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡುವುದೇ ಸರಿ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಆ ಹಾಡುಗಳನ್ನು ಯಾವತ್ತಾದರೂ ಯಾರಿಗಾದರೂ ಕಳಿಸಿದ್ದೀರಾ? ಇಮೇಲ್‌ನ ಕಳಿಸಿದ ಪೆಟ್ಟಿಗೆಯಲ್ಲಿ ಅಟ್ಯಾಚ್‌ಮೆಂಟ್ ಇರುವವನ್ನು ಮಾತ್ರ ಹುಡುಕಿ. ಹಳೇ ಫೋನ್‌ಗಳಲ್ಲೂ ನೋಡಿ. ಎಷ್ಟೋ ಸಲ ಅಲ್ಲಿ ಸಿಗುತ್ತದೆ.

ಮೂಲೆಮನೆ:

ನಿಮ್ಮ ಮಗಳ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು, ಯಾಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಫೋಟೋಗಳೆಲ್ಲ ಒಂದು ಕ್ಲೌಡ್ ಸೇವೆಯಲ್ಲಿ ಸಿಂಕ್ ಆಗುತ್ತಿದ್ದವು. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಒಂದು ಫೋಲ್ಡರ್ ಅಳಿಸಿದೆ. ಕ್ಲೌಡ್‌ನಲ್ಲಿ ಹೇಗೂ ಇದೆಯಲ್ಲ ಅನ್ನುವ ಧೈರ್ಯ. ಎರಡು ತಿಂಗಳ ಮೇಲೆ ಹುಡುಕಿದರೆ ಅಲ್ಲೂ ಇಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿತ್ತು, ಕಸದ ಬುಟ್ಟಿಯ ಗಡುವೂ ಮುಗಿದಿತ್ತು. ಮಗ ನಡೆಯಲು ಕಲಿತ 14 ತಿಂಗಳ ಚಿತ್ರಗಳು ಹೋದವು. ಅಜ್ಜಿಗೆ ಕಳಿಸಿದ್ದ ಕೆಲವು ಮಾತ್ರ ಉಳಿದಿವೆ.

ಸಿಂಕ್ ಅಂದರೆ ಎರಡು ಕಡೆಯೂ ಒಂದೇ ಥರ ಇರಬೇಕು ಅಂತ ಅಷ್ಟೇ. ನೀವು ತಪ್ಪು ಮಾಡಿದರೆ ಆ ತಪ್ಪೂ ಅಲ್ಲಿಗೆ ಹೋಗುತ್ತದೆ. ಗೂಗಲ್ ಡ್ರೈವ್ ಆಗಲಿ, ನಿಮ್ಮ ಸ್ವಂತ ಖಾತೆಯ ಒನ್‌ಡ್ರೈವ್ ಆಗಲಿ, ಅಳಿಸಿದ ಫೈಲನ್ನು ಬುಟ್ಟಿಯಲ್ಲಿ 30 ದಿನ ಇಟ್ಟು ಆಮೇಲೆ ತೆಗೆದುಹಾಕುತ್ತದೆ. ಬ್ಯಾಕಪ್ ಹಾಗಲ್ಲ. ಅದು ಹೋದ ತಿಂಗಳು ಫೈಲ್ ಹೇಗಿತ್ತೋ ಹಾಗೇ ಇಟ್ಟುಕೊಂಡಿರುತ್ತದೆ. ನೀವು ಇವತ್ತು ಏನು ಮಾಡಿದರೂ ಆ ಪ್ರತಿ ಅಲುಗುವುದಿಲ್ಲ.

ಇನ್ನೊಂದು ವಿಷಯ, ಇದು ತುಂಬ ಜನರಿಗೆ ತಿಳಿದಿಲ್ಲ. ಒನ್‌ಡ್ರೈವ್ ಫೋಲ್ಡರಿನಲ್ಲಿ ಫೈಲ್ ಪಕ್ಕ ಮೋಡದ ಚಿಹ್ನೆ ಇದ್ದರೆ ಆ ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ. ಹೆಸರು ಮಾತ್ರ ಕಾಣುತ್ತಿರುತ್ತದೆ. ಬ್ಯಾಕಪ್ ತೆಗೆಯುವ ಮೊದಲು ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಸಾಧನದಲ್ಲೇ ಇರಲಿ ಅನ್ನುವ ಆಯ್ಕೆ ಒತ್ತಿ, ಎಲ್ಲ ಇಳಿದುಬರುವವರೆಗೆ ಕಾಯಿರಿ.

ನಿಮ್ಮ ಸಮಯಕ್ಕೆ ಹೊಂದುವುದು ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಗುತ್ತದೆ. ಹೊಸ ಡಿಸ್ಕ್ ಚುಚ್ಚಿ ಆನ್ ಮಾಡಿದರೆ ಸಾಕು. ಡಿಸ್ಕ್ ಇದ್ದಾಗೆಲ್ಲ ಗಂಟೆಗೊಮ್ಮೆ ಬದಲಾದ ಫೈಲ್‌ಗಳ ಹೊಸ ಪ್ರತಿ ತೆಗೆಯುತ್ತದೆ, ಹಳೇ ಪ್ರತಿಯನ್ನೂ ಬಿಡುವುದಿಲ್ಲ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ತರಹದ ಜಾಗಗಳನ್ನು ಮಾತ್ರ ನೋಡುತ್ತದೆ, ಅದಕ್ಕೇ ಅಮ್ಮನ ಹಾಡುಗಳನ್ನು ಅಂಥ ಕಡೆಗೇ ತಂದಿಡಿ. ಕೆಲಸ ಮುಗಿದ ಮೇಲೆ ಡಿಸ್ಕ್ ಬಿಚ್ಚಿ ಎತ್ತಿಡಿ. 2013ರ ಕ್ರಿಪ್ಟೋಲಾಕರ್ ಅನ್ನುವ, ಹಣ ಕೇಳುವ ವೈರಸ್ ಕಂಪ್ಯೂಟರಿಗೆ ಜೋಡಿಸಿದ್ದ ನೆಟ್‌ವರ್ಕ್ ಡ್ರೈವ್‌ಗಳ ಫೈಲ್‌ಗಳಿಗೂ ಬೀಗ ಹಾಕುತ್ತಿತ್ತು. ಕಪಾಟಿನಲ್ಲಿರುವ ಡಿಸ್ಕಿಗೆ ಯಾವ ವೈರಸ್ಸೂ ಹೋಗಲಾರದು.

ಎರಡನೇಪ್ರತಿ:

ಮೇಲಿನವರು ಹೇಳಿದ್ದಕ್ಕೆ ಬಹುಪಾಲು ಒಪ್ಪುತ್ತೇನೆ. ಆದರೆ ಒಂದೇ ಡಿಸ್ಕ್ ಸಾಲದು. ಕಳ್ಳ ಬಂದರೆ, ಬೆಂಕಿ ಬಿದ್ದರೆ, ಲ್ಯಾಪ್‌ಟಾಪೂ ಡಿಸ್ಕೂ ಒಟ್ಟಿಗೇ ಹೋಗುತ್ತವೆ ಅಲ್ವಾ? ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಜನಪ್ರಿಯ ಮಾಡಿದ 3-2-1 ಲೆಕ್ಕ ಇದೆ. ಒಟ್ಟು 3 ಪ್ರತಿ, 2 ಬೇರೆ ಬೇರೆ ಥರದ ಸಾಧನ, 1 ಪ್ರತಿ ಮನೆಯ ಹೊರಗೆ. ನಿಮ್ಮ ತಮ್ಮ ಬೇರೆ ಮನೆಯಲ್ಲಿದ್ದರೆ ಇನ್ನೊಂದು ಡಿಸ್ಕ್ ಅಲ್ಲಿಡಿ, ಹೋಗಿಬರುವಾಗ ಅದಲುಬದಲು ಮಾಡಿ. ನಿಮ್ಮದು ವಿಂಡೋಸ್ 11 ಪ್ರೊ ಆಗಿದ್ದರೆ ಅದರಲ್ಲಿರುವ ಬಿಟ್‌ಲಾಕರ್‌ನಿಂದ ಡಿಸ್ಕಿಗೆ ಪಾಸ್‌ವರ್ಡ್ ಹಾಕಿ, ದಾರಿಯಲ್ಲಿ ಕಳೆದರೂ ಯಾರೂ ತೆಗೆದು ನೋಡಲಾರರು.

ನ್ಯಾಸ್ ಬಗ್ಗೆ ತಮ್ಮ ಹೇಳಿದ್ದು ತಪ್ಪಲ್ಲ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಅದರಲ್ಲಿ ಎರಡು ಡಿಸ್ಕಿಗೂ ಒಂದೇ ಥರ ಬರೆಯುವ ರೇಯ್ಡ್ ಅನ್ನುವ ವ್ಯವಸ್ಥೆ, ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ಕಾಯುತ್ತದೆ. ನೀವು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ.

ಕ್ಲೌಡ್ ಬ್ಯಾಕಪ್ ಕೂಡ ಒಳ್ಳೆಯದೇ, ಲೆಕ್ಕ ಹಾಕಿ ಇಳಿಯಿರಿ. ನಿಮ್ಮದು ಒಟ್ಟು 384 ಜಿಬಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಬಿಡದೆ ನಡೆದರೂ ಸುಮಾರು 43 ಗಂಟೆ. ಆ 4 ಜಿಬಿಗೆ ಅರ್ಧ ಗಂಟೆ ಸಾಕು! ಒನ್‌ಡ್ರೈವ್ ಉಚಿತವಾಗಿ ಕೊಡುವ 5 ಜಿಬಿಯಲ್ಲೇ ಅದು ಹಿಡಿಯುತ್ತದೆ, ಗೂಗಲ್‌ನ 15 ಜಿಬಿಯಲ್ಲಿ ಇನ್ನೂ ಸಲೀಸು. ಮತ್ತೆ ಸಿಗದಂಥದ್ದನ್ನು ಮೊದಲು ಮೇಲಕ್ಕೆ ಕಳಿಸಿ, ಸಿಂಕ್ ಆಗದ ಒಂದು ಫೋಲ್ಡರಿಗೆ, ಬ್ರೌಸರಿನಿಂದಲೇ. ಫೋಟೋಗಳ ಮಾತು ಆಮೇಲೆ. ನಾನು ರೆಸ್ಟಿಕ್ ಅನ್ನುವ ಬ್ಯಾಕಪ್ ತಂತ್ರಾಂಶ ಬಳಸುತ್ತೇನೆ, ಅದು ಕಳಿಸುವ ಮೊದಲೇ ಎಲ್ಲವನ್ನೂ ಗೂಢಲಿಪಿ ಮಾಡುತ್ತದೆ. ಆದರೆ ಕಮಾಂಡ್ ಬರೆಯಬೇಕು, ಪಾಸ್‌ವರ್ಡ್ ಮರೆತರೆ ಯಾರೂ ತೆಗೆದುಕೊಡಲಾರರು. ನಿಮಗೆ ಈಗ ಅದು ಬೇಡ.

ಕೊನೆಗೆ ಒಂದು ಮಾತು. ತೆಗೆದ ಬ್ಯಾಕಪ್ಪಿನಿಂದ ಏನನ್ನಾದರೂ ವಾಪಸ್ ತಂದು ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನುವ, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಕಂಪನಿಯಲ್ಲಿ ಡೇಟಾಬೇಸ್ ಅಳಿಸಿಹೋಯಿತು. ಅವರೇ ಬರೆದುಕೊಂಡ ಹಾಗೆ ಐದು ಥರದ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೊನೆಗೆ 6 ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿದ್ದರಿಂದ ಉಳಿದರು. ಆ ಕೆಲಸವೇ ವೃತ್ತಿಯಾದವರಿಗೆ ಹೀಗಾದರೆ, ನಾವು ಮನೆಯಲ್ಲಿ ತೆರೆದು ನೋಡದೆ ನಂಬಿ ಕೂರುವುದು ಹೇಗೆ?

ಸಂಜೆಮಲ್ಲಿಗೆ:

ಮೂರು ವಾರ ಆಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತದೆ.

ಮೊದಲ ದಿನವೇ 4 ಜಿಬಿಯನ್ನು ಮೇಲಕ್ಕೆ ಕಳಿಸಿದೆ. ಮೂರು ಫೋಟೋ ಫೋಲ್ಡರ್‌ಗಳನ್ನು ಒಂದು ಮಾಡಲು ನಾಲ್ಕು ಸಂಜೆ ಹಿಡಿಯಿತು. 310 ಜಿಬಿ ಈಗ 190ಕ್ಕೆ ಇಳಿದಿದೆ, ತೆಗೆದದ್ದೆಲ್ಲ ಒಂದೇ ಚಿತ್ರದ ಎರಡನೇ, ಮೂರನೇ ಪ್ರತಿ. ಫೈಲ್ ಹಿಸ್ಟರಿ ಆನ್ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಡಿಸ್ಕ್ ಚುಚ್ಚುತ್ತೇನೆ, ಸಂಜೆ ಬಿಚ್ಚಿಡುತ್ತೇನೆ. ಎರಡನೇ ಡಿಸ್ಕ್ ತಮ್ಮನ ಮನೆಯಲ್ಲಿದೆ. ನ್ಯಾಸ್ ಬೇಡ ಅಂದಿದ್ದಕ್ಕೆ ಅವನಿಗೆ ಸ್ವಲ್ಪ ಬೇಜಾರು, ಆದರೆ ಡಿಸ್ಕ್ ಇಟ್ಟುಕೊಳ್ಳಲು ಒಪ್ಪಿದ.

ಎರಡನೇಪ್ರತಿ ಅವರು ಹೇಳಿದಂತೆ ವಾಪಸ್ ತಂದು ನೋಡಿದೆ. ಒಳ್ಳೆಯದೇ ಆಯಿತು. ಹಾಡುಗಳ ಫೋಲ್ಡರ್ ಡಿಸ್ಕಿನಲ್ಲಿ ಇರಲೇ ಇಲ್ಲ! ನಾನದನ್ನು ಸಿ ಡ್ರೈವಿನ ಮೇಲೆ ನೇರವಾಗಿ ಇಟ್ಟಿದ್ದೆ, ಫೈಲ್ ಹಿಸ್ಟರಿ ಅತ್ತ ನೋಡಿರಲಿಲ್ಲ. ಡಾಕ್ಯುಮೆಂಟ್ಸ್ ಒಳಗೆ ಹಾಕಿ, ಮತ್ತೆ ಬ್ಯಾಕಪ್ ತೆಗೆದು, ಮಗಳ ಕಂಪ್ಯೂಟರಿಗೆ ಇಳಿಸಿ, 39 ಹಾಡುಗಳನ್ನೂ ಒಂದೊಂದಾಗಿ ಕೊನೆಯವರೆಗೆ ಕೇಳಿದೆವು.

ಹಳೇಕೀಬೋರ್ಡ್ ಅವರೇ, ನಿಮಗೆ ಬೇರೆಯಾಗಿ ಹೇಳಬೇಕು. ಕಳಿಸಿದ ಮೇಲ್‌ಗಳಲ್ಲಿ ಹುಡುಕಿದೆ. 2016ರಲ್ಲಿ ಚಿಕ್ಕಮ್ಮನಿಗೆ ಒಂದು ಹಾಡು ಕಳಿಸಿದ್ದೆ. ಆ ಎರಡರಲ್ಲಿ ಒಂದು ಅದೇ. ಈಗ 40 ಆಗಿವೆ. ಹಳೇ ಡಿಸ್ಕ್ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ, ಮುಂದಿನ ತಿಂಗಳು ರಿಕವರಿಯವರಿಗೆ ತೋರಿಸುತ್ತೇನೆ.